ಪುಸ್ತಕದಲ್ಲಿದೆ

ಮೆಟ್ಟಿಲು ಹತ್ತುವಾಗ ಅವನು ಎಣಿಸುತ್ತಿದ್ದ. ಒಂದು, ಎರಡು, ಮೂರು ಎಂದಲ್ಲ. ಬಡಗಿ ಮನೆ, ಕುಲುಮೆ ಮನೆ, ಗಡಿಯಾರದ ಮನೆ, ಬೇಕರಿ ಮನೆ, ಬೇಕರಿ ಮನೆ, ದರ್ಜಿ ಮನೆ ಎಂದು. ಅವನ ಮನೆಯಲ್ಲಿ ಎಣಿಸುವುದೇ ಹೀಗೆ. ಒಗೆದ ಬಟ್ಟೆ ಮಡಿಸುವಾಗ, ಡಬ್ಬಿಯಿಂದ ಮಾತ್ರೆ ತೆಗೆಯುವಾಗ, ಕಿಟಕಿಯ ಸರಳು ಒರೆಸುವಾಗ ಸೋದರತ್ತೆಯ ಬಾಯಲ್ಲಿ ಬರುತ್ತಿದ್ದುದು ಮನೆಗಳೇ. ಆಕೆ ಅದನ್ನು ತನ್ನ ಅಜ್ಜಿಯಿಂದ ಕಲಿತಿದ್ದಳು, ಇವನು ಆಕೆಯಿಂದ. ಒಟ್ಟು ಇಪ್ಪತ್ತಮೂರು, ಕೊನೆಯದು ನಮ್ಮ ಮನೆ. ಅಲ್ಲಿಂದಾಚೆಗೆ ಇಪ್ಪತ್ತನಾಲ್ಕು, ಇಪ್ಪತ್ತೈದು ಎಂದು ಎಲ್ಲರಂತೆಯೇ ಲೆಕ್ಕ. ಬೇಕರಿ ಮನೆ ಯಾಕೆ ಎರಡು ಸಲ ಬರುತ್ತದೆ ಎಂದು ಚಿಕ್ಕವನಿದ್ದಾಗ ಕೇಳಿದ್ದ. "ಬರುತ್ತೆ. ಬಾಯಿ ಮುಚ್ಕೊಂಡು ಎಣಿಸು" ಎಂದಿದ್ದಳು. ಬಾಯಿ ಮುಚ್ಚಿಕೊಂಡು ಎಣಿಸುವುದು ಹೇಗೆಂದು ಕೇಳುವ ಧೈರ್ಯ ಅವನಿಗೆ ಇರಲಿಲ್ಲ. ಚರ್ಚಿನ ಕಚೇರಿಗೆ ಹತ್ತೊಂಬತ್ತೇ ಮೆಟ್ಟಿಲು. ಹಾಗಾಗಿ ಇಪ್ಪತ್ತಾರು ವರ್ಷ ಗುಮಾಸ್ತನಾಗಿ ದಿನಕ್ಕೆ ನಾಲ್ಕು ಸಲ ಹತ್ತಿ ಇಳಿದರೂ ಅವನು ಈ ಮೆಟ್ಟಿಲ ಮೇಲೆ ಒಮ್ಮೆಯೂ ನಮ್ಮ ಮನೆಯನ್ನು ತಲುಪಿದ್ದಿಲ್ಲ. ಇಂದು ಬಾವಿ ಮನೆಯ ಹತ್ತಿರವೇ ಉಸಿರು ಕಟ್ಟಿತು. ಕಂಕುಳಲ್ಲಿ ಮೇಷ್ಟ್ರ ಪುಸ್ತಕದ ಕೊನೆಯ ಕರಡು ಇತ್ತು. ಅದರಲ್ಲಿ ನೂರ ಹನ್ನೆರಡನೆಯ ಪುಟ ಇತ್ತು. ಸಂಜೆ ಐದಕ್ಕೆ ಅಚ್ಚಿನವರು ಬಂದು ಒಯ್ಯುತ್ತಾರೆ.

ಚರ್ಚಿಗೆ ಇನ್ನೂರು ವರ್ಷ ತುಂಬುತ್ತದೆಂದು ನಿವೃತ್ತ ಹೆಡ್‌ಮೇಷ್ಟ್ರು ಎಂಟು ವರ್ಷದಿಂದ ಅದರ ಇತಿಹಾಸ ಬರೆಯುತ್ತಿದ್ದರು. ಬರೆದದ್ದನ್ನೆಲ್ಲ ಟೈಪ್ ಮಾಡುತ್ತಿದ್ದವನು ಇವನೇ. ನೂರ ಹನ್ನೆರಡನೆಯ ಪುಟವನ್ನೂ ಇವನೇ ಮಾಡಿದ್ದ. "ಜ್ವರದ ವರ್ಷ ಐದು ತಿಂಗಳು ಚರ್ಚಿಗೆ ಪಾದ್ರಿಗಳೇ ಇರಲಿಲ್ಲ. ಆ ಅವಧಿಯಲ್ಲಿ ಹುಟ್ಟಿದ ದಿನವೇ ತೀರಿಕೊಂಡ ಇಪ್ಪತ್ತಮೂರು ಹಸುಗೂಸುಗಳ ಸಮಾಧಿ ದಾಖಲಾಗಿದೆ. ಇಪ್ಪತ್ತೆರಡಕ್ಕೆ ತಂದೆಯ ಹೆಸರಷ್ಟೇ ಇದೆ; ಒಂದು ಯಾರ ಮನೆಯದೆಂದು ತಿಳಿಯದು. ಜ್ಞಾನಸ್ನಾನ ಒಂದರದ್ದೂ ದಾಖಲಾಗಿಲ್ಲ. ಹೆರಿಗೆ ಮಾಡಿಸಿದ ಸೂಲಗಿತ್ತಿಯು ತಾನೇ ನೀರು ಹನಿಸಿದ್ದಾಗಿಯೂ ಅದು ಪುಸ್ತಕದಲ್ಲಿದೆ ಎಂದೂ ಹೇಳಿಕೊಂಡಳು. ಪುಸ್ತಕದಲ್ಲಿ ಅಂಥದ್ದೇನೂ ಇಲ್ಲ. ಆಕೆಯ ಅಸಡ್ಡೆಯನ್ನೂ, ಸುಳ್ಳನ್ನೂ ಮುಂದೆ ಬಂದ ಪಾದ್ರಿಗಳು ಖಂಡಿಸಿದ್ದಾರೆ." ಟೈಪ್ ಮಾಡುವಾಗ ಕೈ ನಡುಗಿರಲಿಲ್ಲ. ಅದೇ ಅವನನ್ನು ಚುಚ್ಚುತ್ತಿದ್ದುದು. ಮೇಷ್ಟ್ರು ಬಿಟ್ಟಿದ್ದ ಒಂದು ಅಲ್ಪವಿರಾಮವನ್ನು ತಾನೇ ಹಾಕಿ ಸರಿಮಾಡಿದ್ದ ಬೇರೆ. ಆ ಸೂಲಗಿತ್ತಿ ಅವನ ಮುತ್ತಜ್ಜಿ. ಮೇಷ್ಟ್ರಿಗೆ ಅದು ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ಮೇಷ್ಟ್ರು ಹಾಳೆ ಕೈಗಿಡುವಾಗ ಕನ್ನಡಕ ತೆಗೆದು ಒರೆಸಿಕೊಂಡು, "ದಾಖಲೆ ಹೇಳಿದ್ದು ನಾನು ಬರೆದಿದ್ದೀನಿ ಅಷ್ಟೇ, ಬೇಜಾರು ಮಾಡ್ಕೋಬೇಡಿ ಗುಮಾಸ್ತರೇ" ಎಂದಿದ್ದರು. ಇವನು "ಛೆ ಛೆ, ಅದಕ್ಕೇನು ಸಾರ್" ಎಂದಿದ್ದ. ಆ ಛೆ ಛೆಯನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮಗುವನ್ನು ಕ್ರೈಸ್ತನಾಗಿಸುವ ಜ್ಞಾನಸ್ನಾನ ಪಾದ್ರಿಗಳ ಕೆಲಸ. ಆದರೆ ಸಾಯುತ್ತಿರುವ ಮಗುವಿಗೆ ಪಾದ್ರಿ ಸಿಗದಿದ್ದರೆ ಯಾರು ಬೇಕಾದರೂ ತಲೆಯ ಮೇಲೆ ನೀರು ಹನಿಸಿ ಅದರ ನಾಲ್ಕು ಮಾತು ಹೇಳಬಹುದು. ಸೂಲಗಿತ್ತಿಯರು ಹೊಕ್ಕುಳಬಳ್ಳಿ ಕತ್ತರಿಸುವುದರ ಜೊತೆಗೇ ಇದನ್ನೂ ಕಲಿಯುತ್ತಿದ್ದರು. ಮುತ್ತಜ್ಜಿ ಹೇಳಿದ್ದೂ ಅಷ್ಟೇ: ನೀರು ಹನಿಸಿದೆ, ಮಾತು ಹೇಳಿದೆ, ಗಂಟೆಯವನು ಬರೆದುಕೊಂಡ, ಪುಸ್ತಕದಲ್ಲಿದೆ. ಗಂಟೆ ಬಾರಿಸುತ್ತಿದ್ದವನು ಆ ಜ್ವರದಲ್ಲೇ ಕೊನೆಯವನಾಗಿ ಸತ್ತಿದ್ದ. ಹೊಸ ಪಾದ್ರಿಗಳು ಬಂದು, ಜ್ಞಾನಸ್ನಾನದ ಪುಸ್ತಕ ತೆಗೆಸಿ, ಬೆರಳಿಟ್ಟು ನೋಡಿ, ಇಲ್ಲ ಎಂದರು. ಇವಳು ಇದೆ ಎಂದಳು. ಓದಲು ಬಾರದ ಹೆಂಗಸು ಓದಿದವರ ಎದುರು ನಿಂತು ಪುಸ್ತಕದಲ್ಲಿದೆ ಎಂದು ಸಾಧಿಸಿದ್ದು ಜನಕ್ಕೆ ಎಷ್ಟು ರುಚಿಸಿತೆಂದರೆ ಆ ಮಾತು ಬಾಯಿಂದ ಬಾಯಿಗೆ ಹೋಗಿ ಇಡೀ ಊರಿನ ಗೇಲಿಯಾಯಿತು. ಯಾರಾದರೂ ರೀಲು ಬಿಟ್ಟರೆ, ಶನಿವಾರಕ್ಕೆ ಬಟ್ಟೆ ಹೊಲಿದು ಕೊಡುತ್ತೇನೆಂದು ದರ್ಜಿ ಆಣೆ ಇಟ್ಟರೆ, ಎದುರಿನವರು ಮುಖ ಗಂಭೀರ ಮಾಡಿಕೊಂಡು "ಹೌದೌದು, ಪುಸ್ತಕದಲ್ಲಿದೆ" ಎನ್ನುತ್ತಾರೆ. ಸಾವಿರ ಸಲ ಕೇಳಿದ್ದಾನೆ. ಅನ್ನುವವರಲ್ಲಿ ಅರ್ಧ ಜನಕ್ಕೆ ಅದು ಯಾರ ಮಾತೆಂದೇ ತಿಳಿಯದು. ತಿಳಿದವರು ಇವನ ಕಡೆ ನೋಡಿ, ತಕ್ಷಣ ಬೇರೆ ಕಡೆ ನೋಡುತ್ತಾರೆ. ಆ ಬೇರೆ ಕಡೆ ನೋಡುವುದೇ ಹೆಚ್ಚು ಉರಿಸುತ್ತದೆ. ಶಾಲೆಯಲ್ಲಿ ಅವನನ್ನು ಕರೆಯುತ್ತಿದ್ದುದೇ ಪುಸ್ತಕ ಎಂದು. ಪುಸ್ತಕ ಬಾ, ಪುಸ್ತಕ ಕೂತ್ಕೋ. ದೊಡ್ಡವನಾಗಿ ಅವನು ಸೇರಿದ್ದು ಪುಸ್ತಕಗಳನ್ನು ಕಾಯುವ ಕೆಲಸಕ್ಕೇ. ಇದಕ್ಕೆ ಏನೆನ್ನಬೇಕೋ ಅವನಿಗೆ ತಿಳಿಯದು.

ಬೆಳಿಗ್ಗೆ ಹೊರಡುವಾಗ ಸೋದರತ್ತೆ ಬಾಗಿಲಲ್ಲಿ ಅಡ್ಡ ನಿಂತಿದ್ದಳು. ಎಂಬತ್ತಾರು ವರ್ಷ; ಕಿವಿ ಮಂದ, ನಾಲಿಗೆ ಮಾತ್ರ ಹರಿತ.

"ಆ ಪುಟ ಬಂತೇನೋ?"

"ಯಾವ ಪುಟ ಅತ್ತೆ?"

"ನನ್ನ ಹತ್ರ ಆಟ ಆಡಬೇಡ. ನನ್ನ ಅಜ್ಜಿದು."

"ಬಂದಿದೆ."

"ಏನಂತ ಬರೆದಿದ್ದಾರೆ?"

ಅವನು ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡ. "ಇನ್ನೂ ಕರಡು ಅತ್ತೆ. ತಿದ್ದೋದಿದೆ."

"ತಿದ್ದೋದಿದ್ರೆ ತಿದ್ದು. ಕೈ ಇಲ್ವಾ ನಿಂಗೆ? ಅಜ್ಜಿ ಸಾಯೋ ತನಕ ಚರ್ಚಿನ ಮೆಟ್ಟಿಲ ಮೇಲೆ ಕೂತಳು ಕಣೋ, ಒಳಗೆ ಕಾಲಿಡಲಿಲ್ಲ. ಪುಸ್ತಕ ಸರಿಯಾಗಿ ನೋಡಿ, ಆಮೇಲೆ ಬರ್ತೀನಿ ಅಂದಳು. ನಾನು ಅವಳ ಪಕ್ಕ ಕೂತು ಪ್ರಾರ್ಥನೆ ಕಲಿತವಳು. ನೀನು ಆ ಪುಸ್ತಕದ ಮೇಲೇ ಇಪ್ಪತ್ತಾರು ವರ್ಷದಿಂದ ಕೂತಿದ್ದೀಯ."

"ನೋಡಿದ್ದೀನಿ ಅತ್ತೆ. ಇಲ್ಲ."

"ಇಲ್ಲ ಅಂದ್ರೆ ನೋಡಿಲ್ಲ ಅಂತ" ಎಂದು ಆಕೆ ದಾರಿ ಬಿಟ್ಟಳು. ಆಕೆ ಚರ್ಚಿನ ಒಳಗೇನೋ ಹೋಗುತ್ತಿದ್ದಳು, ಆದರೆ ಎಪ್ಪತ್ತು ವರ್ಷದಿಂದ ಕೊನೆಯ ಬೆಂಚೇ. ಮುಂದೆ ಜಾಗವಿದೆ ಬನ್ನಿ ಎಂದರೆ, ನನ್ನ ಸರದಿ ಇನ್ನೂ ಬಂದಿಲ್ಲ ಎನ್ನುತ್ತಿದ್ದಳು.

ನೋಡಿಲ್ಲ ಎನ್ನುವುದು ಅನ್ಯಾಯ. ಜ್ಞಾನಸ್ನಾನದ ಪುಸ್ತಕವನ್ನು ಅವನು ಎಷ್ಟು ಸಲ ನೋಡಿದ್ದಾನೆಂದರೆ ಜ್ವರದ ವರ್ಷದ ಖಾಲಿ ಬಿಟ್ಟ ಅರ್ಧ ಪುಟದಲ್ಲಿ ಎಲ್ಲೆಲ್ಲಿ ಹುಳು ತಿಂದಿದೆ ಎಂಬುದೂ ಬಾಯಿಪಾಠ. ಅಷ್ಟೇ ಅಲ್ಲ, ಈ ಪುಸ್ತಕಗಳ ಮೇಲೆ ಅವನಿಗೆ ಪ್ರೀತಿಯಿತ್ತು, ಹೆಂಡತಿ ಹಂಗಿಸುವಷ್ಟು. ಹೊರಗಿನವರು ಹುಟ್ಟು, ಮದುವೆ, ಸಾವು ಎಂಬ ಮೂರು ಪಟ್ಟಿ ಎಂದುಕೊಳ್ಳುತ್ತಾರೆ. ಅಂಚಿನಲ್ಲಿ ಪಾದ್ರಿಗಳು ಗೀಚಿದ್ದನ್ನು ಓದಿದವನಿಗಲ್ಲವೇ ಗೊತ್ತು ಚರ್ಚು ಎಂದರೆ ಏನೆಂದು! ಮದುಮಗ ಕುಡಿದು ಬಂದದ್ದರಿಂದ ಮದುವೆ ಮುಂದಿನ ವಾರಕ್ಕೆ ಹೋಗಿದೆ. ಮುಂದಿನ ವಾರವೂ ಕುಡಿದು ಬಂದದ್ದರಿಂದ ಹಾಗೆಯೇ ಮಾಡಿಸಲಾಗಿದೆ. ಒಬ್ಬ ಅವಿವಾಹಿತೆ ಎಂಬತ್ತೆಂಟು ಮಕ್ಕಳಿಗೆ ಜ್ಞಾನಸ್ನಾನದ ಹೊಣೆ ಹೊರುವ ಜ್ಞಾನತಾಯಿಯಾಗಿ ನಿಂತಿದ್ದಾಳೆ, ಊರಿನಲ್ಲಿ ಅನಾಥರಾಗಿ ಹುಟ್ಟಿದವರಿಗೆಲ್ಲ ಅವಳೇ. ಎರಡನೆಯ ಬೆಂಚಿಗಾಗಿ ಹೊಡೆದಾಡಿದ ಇಬ್ಬರು ನಾದಿನಿಯರಿಗೆ ನಾಲ್ಕು ಭಾನುವಾರ ನಿಂತೇ ಪ್ರಾರ್ಥಿಸುವ ಶಿಕ್ಷೆ. ಐದನೆಯ ಭಾನುವಾರ ಮತ್ತೆ ಜಗಳ. ಹಾಡುವವರ ತಂಡದಲ್ಲಿ ಹನ್ನೊಂದು ವರ್ಷ ಹಾಡಿದವನಿಗೆ ಸ್ವರವೇ ಇರಲಿಲ್ಲವೆಂದು ಅವನ ಸಮಾಧಿಯ ದಿನ ಪಾದ್ರಿಗಳು ಬರೆದುಕೊಂಡಿದ್ದಾರೆ, ಪ್ರೀತಿಯಿಂದಲೇ. ಇಷ್ಟೆಲ್ಲ ಇರುವ ಪುಸ್ತಕದಲ್ಲಿ ಇಪ್ಪತ್ತಮೂರು ಸಾಲು ಮಾತ್ರ ಇಲ್ಲ. ನಾದಿನಿಯರ ಜಗಳಕ್ಕೆ ಸಿಕ್ಕ ಜಾಗ ಮುತ್ತಜ್ಜಿಗೆ ಸಿಗಲಿಲ್ಲವೆಂದು ಅವನಿಗೆ ಹೊಟ್ಟೆ ಉರಿಯುತ್ತಿತ್ತು. ಹೊಟ್ಟೆ ಉರಿದೂ ಉರಿದೂ ಒಂದು ದಿನ ಅವನೇ, ಪ್ರಾಯಶಃ ಆಕೆ ಸುಳ್ಳಿಯೇ ಇರಬೇಕು, ಎಂದುಕೊಂಡುಬಿಟ್ಟಿದ್ದ. ಹಾಗೆ ಅಂದುಕೊಂಡ ಮೇಲೆ ಸ್ವಲ್ಪ ಹಗುರವಾಗಿತ್ತು. ಆ ಹಗುರವನ್ನು ಅವನು ಯಾರಿಗೂ ಹೇಳಿಲ್ಲ.

ಕಚೇರಿಯಲ್ಲಿ ಬಡಗಿ ಆಗಲೇ ಬಂದು ಕೂತಿದ್ದ. ಉತ್ಸವಕ್ಕೆ ಹಳೆಯ ಪುಸ್ತಕಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ತೆರೆದಿಟ್ಟು ಜನಕ್ಕೆ ತೋರಿಸಬೇಕೆಂದು ಪಾದ್ರಿಗಳ ಆಸೆ. ಪಾದ್ರಿಗಳು ಚಿಕ್ಕ ವಯಸ್ಸಿನವರು, ಎಲ್ಲದಕ್ಕೂ ಉತ್ಸಾಹ. ಪೆಟ್ಟಿಗೆಯೊಳಗೆ ಪುಸ್ತಕ ಒರಗಲು ಮರದ ತೊಟ್ಟಿಲಿನಂಥದ್ದು ಬೇಕು. ಅದಕ್ಕೆ ಅಳತೆ ಬೇಕು. ಜ್ಞಾನಸ್ನಾನದ್ದು, ಮದುವೆಯದು ಮುಗಿದು ಸಮಾಧಿಯ ಪುಸ್ತಕಕ್ಕೆ ಬಂದಿತ್ತು. ಕಬ್ಬಿಣದ ಬೀರುವಿನಿಂದ ಅದನ್ನು ತೆಗೆದುಕೊಡುವಾಗ ಅವನ ಕೈ ಹಿಂಜರಿಯಿತು. ಈ ಪುಸ್ತಕವನ್ನು ಅವನು ಹತ್ತೊಂಬತ್ತು ವರ್ಷದಿಂದ ಹೊರಗೆ ತೆಗೆದಿರಲಿಲ್ಲ. ತೆಗೆಯುವ ಅಗತ್ಯವೇ ಇರಲಿಲ್ಲ, ಫೋಟೋ ಇತ್ತಲ್ಲ. ಎಲ್ಲರೂ ನೋಡುತ್ತಿದ್ದುದು ಕಂಪ್ಯೂಟರಿನಲ್ಲಿ ಫೋಟೋಗಳನ್ನೇ, ಮೇಷ್ಟ್ರು ಕೂಡ.

ಹತ್ತೊಂಬತ್ತು ವರ್ಷದ ಹಿಂದೆ ಫೋಟೋ ತೆಗೆಯಲು ಬಂದವಳು ಒಬ್ಬ ಹುಡುಗಿ, ಮುಕ್ಕಾಲು ದಿನ ಬಗ್ಗಿ ನಿಂತು ಅವಳ ಸೊಂಟ ಹಿಡಿದಿತ್ತು. ಅವನು ಪುಟ ತಿರುವುತ್ತಿದ್ದ, ಅವಳು ಕ್ಲಿಕ್ ಎನ್ನಿಸುತ್ತಿದ್ದಳು. ಆಗಿನ ಗಂಟೆಯವನು ಬಾಗಿಲಲ್ಲಿ ನಿಂತು ಏನೋ ಕೊಚ್ಚಿಕೊಂಡ. ಹುಡುಗಿ ನಕ್ಕು, ಊರಿಗೆ ಬಂದು ಎರಡೇ ದಿನದಲ್ಲಿ ಕಲಿತದ್ದನ್ನು ತೋರಿಸುವ ಖುಷಿಯಲ್ಲಿ, "ಪುಸ್ತಕದಲ್ಲಿದೆ!" ಎಂದಳು. ಗಂಟೆಯವನು ಇವನ ಮುಖ ನೋಡಿದ, ತಕ್ಷಣ ಬೇರೆ ಕಡೆ ನೋಡಿದ. ಅಷ್ಟರಲ್ಲಿ ಬರಹದ ಪುಟಗಳು ಮುಗಿದು ಖಾಲಿ ಹಾಳೆ ಶುರುವಾಗಿತ್ತು. "ಇನ್ನೂ ಎಷ್ಟಿದೆ?" ಎಂದಳು ಹುಡುಗಿ. "ಮುಂದೆಲ್ಲ ಖಾಲಿ, ಬಿಟ್ಟುಬಿಡಿ" ಎಂದು ಅವನು ಪುಸ್ತಕವನ್ನು ಮುಚ್ಚಿಬಿಟ್ಟ. ಮುಚ್ಚಿದ್ದು ಖಾಲಿ ಎಂದು ಗೊತ್ತಿದ್ದುದಕ್ಕಲ್ಲ. ಆ ಪುಸ್ತಕ ಕಣ್ಣೆದುರು ತೆರೆದಿರುವುದು ಸಾಕಾಗಿತ್ತು. ಆಮೇಲೆ ಬರಹವಿರುವ ಪುಟಗಳೆಲ್ಲ ಸೇರಿವೆ ಎಂಬ ಕಾಗದಕ್ಕೆ ಸಹಿ ಹಾಕಿದ್ದ. ಮೇಷ್ಟ್ರ ಪುಸ್ತಕದ ಅಡಿಟಿಪ್ಪಣಿಯಲ್ಲಿ ಆ ಕಾಗದದ ಉಲ್ಲೇಖವೂ ಇದೆ.

"ಇದು ಎಲ್ಲಿ ತೆರೆದಿರಬೇಕು ಸಾರ್?" ಎಂದ ಬಡಗಿ.

"ಎಲ್ಲಾದ್ರೂ ಸರಿ."

"ಎಲ್ಲಾದ್ರೂ ಸರಿ ಅಂದ್ರೆ ಆಗಲ್ಲ. ಎರಡೂ ಕಡೆ ಭಾರ ಹೇಗೆ ಕೂರುತ್ತೆ ನೋಡ್ಬೇಕು. ಮುಂದೆ ತೆರೆದಾಗ ಒಂದು ಅಳತೆ, ಹಿಂದೆ ತೆರೆದಾಗ ಒಂದು ಅಳತೆ" ಎನ್ನುತ್ತ ಅವನು ಪುಸ್ತಕವನ್ನು ಬೋರಲು ಮಾಡಿ, ತಿರುಗಿಸಿ, ಹಿಂಬದಿಯ ರಟ್ಟನ್ನೇ ಮುಂಬದಿಯೆಂಬಂತೆ ತೆಗೆದ. ಎರಡು ಖಾಲಿ ಹಾಳೆ ಮಗುಚಿ ಮೂರನೆಯದರಲ್ಲಿ ನಿಲ್ಲಿಸಿ ಅಳತೆಪಟ್ಟಿ ಇಟ್ಟ.

ಗುಮಾಸ್ತನಿಗೆ ನಗು ಬಂತು. "ಅಯ್ಯೋ ಮಾರಾಯ, ಪುಸ್ತಕ ತಲೆಕೆಳಗಾಗಿ ಹಿಡಿದಿದ್ದೀಯಲ್ಲ."

"ನಂಗೆ ಈ ಹಳೇ ಅಕ್ಷರ ಬರಲ್ಲ ಸಾರ್" ಎಂದ ಬಡಗಿ. "ಆದ್ರೆ ನೆಟ್ಟಗೇ ಇರೋ ಹಾಗಿದೆ."

ನೆಟ್ಟಗೇ ಇತ್ತು. ಅಕ್ಷರಗಳು ಅವನ ಕಡೆಗೇ ಮುಖ ಮಾಡಿ ನೆಟ್ಟಗೆ ನಿಂತಿದ್ದವು. ತಲೆಕೆಳಗಾದ ಪುಸ್ತಕದಲ್ಲಿ ಬರಹ ನೆಟ್ಟಗಿರುವುದು ಹೇಗೆ ಎಂದು ಬುದ್ಧಿ ಕೇಳುತ್ತಿರುವಾಗಲೇ ಕಣ್ಣು ಓದತೊಡಗಿತ್ತು. ಮೇಲುಗಡೆ ಮೂರು ಸಾಲು. "ಪಾದ್ರಿಗಳು ಹೋದರು. ಜ್ಞಾನಸ್ನಾನದ ಪುಸ್ತಕ ಅವರ ಪೆಟ್ಟಿಗೆಯೊಳಗೆ ಬೀಗದಲ್ಲಿದೆ, ನನ್ನ ಕೈಗೆ ಸಿಕ್ಕುವುದು ಇದೊಂದೇ. ಕ್ರೈಸ್ತರಾದವರನ್ನು ಸತ್ತವರ ಸಾಲಿನಲ್ಲಿ ಬರೆಯಲು ಕೈ ಬರಲಿಲ್ಲ, ಆದ್ದರಿಂದ ಪುಸ್ತಕ ತಿರುಗಿಸಿದ್ದೇನೆ. ನೀರು ಹನಿಸಿದವಳು ಸೂಲಗಿತ್ತಿ. ಕಂಡವನು ನಾನು, ಗಂಟೆಯವನು." ಅದರ ಕೆಳಗೆ ತಾರೀಖುಗಳು, ತಾರೀಖಿನ ಮುಂದೆ ಮನೆಗಳು. ಬಡಗಿಯ ಮನೆ, ಹೆಣ್ಣು. ಕುಲುಮೆಯ ಮನೆ, ಗಂಡು. ಗಡಿಯಾರದವರ ಮನೆ, ಗಂಡು. ಮುಂದಿನ ಸಾಲಿಗೆ ಕಣ್ಣು ಇಳಿಯುವ ಮೊದಲೇ ನಾಲಿಗೆ ಹೇಳಿಬಿಟ್ಟಿತ್ತು: ಬೇಕರಿ ಮನೆ, ಬೇಕರಿ ಮನೆ. ಕಣ್ಣು ಆಮೇಲೆ ಓದಿತು. ಬೇಕರಿಯ ಮನೆ, ಹೆಣ್ಣು. ಅದೇ ಮನೆ, ಅವಳಿ, ಹೆಣ್ಣು.

ಅವನು ಕುರ್ಚಿ ಹುಡುಕಿ ಕೂತ. ಬಡಗಿ ನೀರು ತಂದುಕೊಟ್ಟ. ಮುತ್ತಜ್ಜಿ ಎಣಿಸುತ್ತಿದ್ದುದು ಬಟ್ಟೆಯನ್ನಲ್ಲ. ಬಟ್ಟೆ ಮಡಿಸುತ್ತ, ನೀರು ಸೇದುತ್ತ, ಮೊಮ್ಮಗಳಿಗೆ ಜಡೆ ಹಾಕುತ್ತ ಆಕೆ ಕೂಸುಗಳನ್ನು ಒಂದೊಂದಾಗಿ ಕರೆಯುತ್ತಿದ್ದಳು, ಒಂದೂ ತಪ್ಪಿಹೋಗದಂತೆ. ಪುಸ್ತಕ ಕೈಕೊಟ್ಟರೂ ಬಾಯಿ ಕೈಕೊಡಬಾರದೆಂದು. ಅದನ್ನೇ ಅವನು ಇಷ್ಟು ವರ್ಷ ಮೆಟ್ಟಿಲು ಎಣಿಸಲು ಬಳಸಿದ್ದ. ಹತ್ತಿರದ ಮೇಜಿನ ಮೇಲೆ ಕರಡು ಬಿದ್ದಿತ್ತು, ಅಸಡ್ಡೆ ಎಂಬ ಪದದ ಮುಂದೆ ಅವನೇ ಹಾಕಿದ ಅಲ್ಪವಿರಾಮ. ಯಾರೂ ಅವನನ್ನು ಕೇಳಲಾರರು. ರಟ್ಟು ಮುಚ್ಚಿ ಬೀರುವಿಗಿಟ್ಟರೆ ಮುಗಿಯಿತು, ಬಡಗಿಗೆ ಈ ಅಕ್ಷರ ಓದಲು ಬಾರದು. ಇದು ಹೊರಬಿದ್ದರೆ ಮೊದಲ ಪ್ರಶ್ನೆಯೇ, ಇಷ್ಟು ವರ್ಷ ಯಾಕೆ ಸಿಗಲಿಲ್ಲ ಎಂಬುದು. ಮುಂದೆಲ್ಲ ಖಾಲಿ, ಬಿಟ್ಟುಬಿಡಿ. ಆ ಸಹಿ. ಸುಳ್ಳು ಹೇಳಿದ್ದು ಮುತ್ತಜ್ಜಿಯಲ್ಲ, ಇವನು. ಊರು ಇನ್ನು ಇವನನ್ನು ನೋಡಿ ನಗಬಹುದು, ಈ ಸಲ ಕಾರಣವಿಟ್ಟುಕೊಂಡೇ. ಇದನ್ನೆಲ್ಲ ಅವನು ಪೂರ್ತಿಯಾಗಿ ಯೋಚಿಸಿದ. ಯೋಚಿಸುತ್ತಿರುವಾಗ ಕಾಲುಗಳು ಎದ್ದು ನಿಂತಿದ್ದವು ಎಂಬುದು ಅವನಿಗೇ ಆಶ್ಚರ್ಯ. ಭಯವಾಗುತ್ತಿತ್ತು ನಿಜ, ಆದರೆ ಅದರ ಕೆಳಗಿನಿಂದ ಬೇರೇನೋ ಉಕ್ಕಿ ಬರುತ್ತಿತ್ತು, ಮತ್ತು ಅದು ಸಂತೋಷ. ಬರಿಯ, ನಾಚಿಕೆಗೆಟ್ಟ ಸಂತೋಷ.

"ಮೇಷ್ಟ್ರನ್ನ ಕರ್ಕೊಂಡು ಬಾ" ಎಂದ ಬಡಗಿಗೆ. "ಫಾದರನ್ನೂ. ಓಡು."

ಮೇಷ್ಟ್ರು ಬಂದವರೇ ಮೊದಲು ಗಡಿಯಾರ ನೋಡಿದರು. ಆಮೇಲೆ ಪುಟ ನೋಡಿದರು. ಬಹಳ ಹೊತ್ತು ನೋಡಿ, ಕನ್ನಡಕದ ಮೇಲಿಂದ ಇವನನ್ನು ನೋಡಿದರು.

"ಚೆನ್ನಾಗಿದೆ ಗುಮಾಸ್ತರೇ. ಬೀರುವಿನ ಬೀಗದ ಕೈ ನಿಮ್ಮ ಹತ್ರ. ಪುಟ ಸಿಕ್ಕಿದ್ದು ನಿಮಗೆ. ಅಚ್ಚಿಗೆ ಹೋಗೋ ದಿನವೇ ಸಿಕ್ಕಿದೆ."

ಎಂಟು ವರ್ಷದ ಛೆ ಛೆ ಅವನ ಗಂಟಲಿಗೆ ಬಂತು. ಅವನು ಅದನ್ನು ನುಂಗಿದ. "ಹೌದು ಸಾರ್. ಸಿಕ್ಕಬೇಕಾಗಿದ್ದು ಹತ್ತೊಂಬತ್ತು ವರ್ಷದ ಹಿಂದೆ. ಫೋಟೋ ತೆಗೆಯೋವಾಗ ಮುಂದೆಲ್ಲ ಖಾಲಿ ಅಂತ ಹೇಳಿದ್ದು ನಾನು. ನೋಡದೆ ಹೇಳ್ದೆ, ನೋಡದೆ ಸಹಿ ಹಾಕ್ದೆ. ನೀವು ಫೋಟೋ ನಂಬಿ ಬರೆದ್ರಿ. ತಪ್ಪು ನಿಮ್ಮದಲ್ಲ, ನಂದು. ಅದನ್ನೂ ಪುಸ್ತಕದಲ್ಲಿ ಹಾಕಿ."

"ತೆರೆದಿದ್ದು ನಾನು ಮೇಷ್ಟ್ರೇ" ಎಂದ ಬಡಗಿ, ಅಳತೆಪಟ್ಟಿಯನ್ನು ಎದೆಗೆ ಹಿಡಿದುಕೊಂಡು. "ಇವರು ನನ್ನ ನೋಡಿ ನಕ್ಕರು."

ಪಾದ್ರಿಗಳು ಏನೋ ಹೇಳಲು ಹೋದರು, ಮೇಷ್ಟ್ರು ಕೈ ಎತ್ತಿ ತಡೆದರು. ಭೂತಗನ್ನಡಿ ಹೊರಬಂತು. ಮುಂಬದಿಯ ಸಮಾಧಿಯ ಸಾಲುಗಳನ್ನೂ ಹಿಂಬದಿಯ ಈ ಸಾಲುಗಳನ್ನೂ ತಿರುಗಿಸಿ ಮುರುಗಿಸಿ ನೋಡಿದರು. ಅದೇ ಕೈ, ಅದೇ ಕಂದುಗಟ್ಟಿದ ಶಾಯಿ, ಅದೇ ಸೊಟ್ಟ ಒತ್ತಕ್ಷರ. ಆಮೇಲೆ, ತಮ್ಮಷ್ಟಕ್ಕೆ, ತರಗತಿಯಲ್ಲಿ ಓದುವಂತೆ ಓದತೊಡಗಿದರು. "ಬಡಗಿಯ ಮನೆ. ಕುಲುಮೆಯ ಮನೆ. ಗಡಿಯಾರದವರ ಮನೆ. ಬೇಕರಿಯ ಮನೆ, ಅದೇ ಮನೆ..." ಓದು ನಿಂತಿತು. ಮೇಷ್ಟ್ರು ತಲೆ ಎತ್ತಿದರು. ಮುಖದ ಬಣ್ಣವೇ ಬೇರೆಯಾಗಿತ್ತು.

"ಇದು ನೀವು ಗೊಣಗೋದಲ್ವೇನ್ರಿ? ಹಾಳೆ ಎಣಿಸುವಾಗ? ಎಂಟು ವರ್ಷದಿಂದ ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿದೆ."

"ನಮ್ಮನೇಲಿ ಹೀಗೇ ಎಣಿಸೋದು ಸಾರ್. ಮುತ್ತಜ್ಜಿ ಕಾಲದಿಂದ. ಅವರಿಗೆ ಓದೋಕೆ ಬರ್ತಿರಲಿಲ್ಲ."

ಮೇಷ್ಟ್ರು ಬೆರಳನ್ನು ಮೊದಲ ಸಾಲಿನ ಮೇಲಿಟ್ಟರು. "ಆ ಕಡೆ ತಿರುಗಿ ನಿಂತ್ಕೊಳ್ಳಿ. ಹೇಳಿ."

ಅವನು ಗೋಡೆಗೆ ಮುಖ ಮಾಡಿ ನಿಂತ, ಐವತ್ತೆರಡು ವರ್ಷದ ಗಂಡಸು, ಪಾಠ ಒಪ್ಪಿಸುವವನಂತೆ. ಗೋಡೆಯ ಮೇಲೆ ಹಿಂದಿನ ಪಾದ್ರಿಗಳ ಚಿತ್ರಗಳು ಸಾಲಾಗಿದ್ದವು. ಇಲ್ಲ ಎಂದ ಪಾದ್ರಿಗಳು ಎಡದಿಂದ ಐದನೆಯವರು, ತೆಳ್ಳಗೆ, ಒಳ್ಳೆಯ ಮುಖದವರೇ. ಅವರನ್ನೇ ನೋಡುತ್ತ ಹೇಳತೊಡಗಿದ. ಬಡಗಿ ಮನೆ, ಕುಲುಮೆ ಮನೆ, ಗಡಿಯಾರದ ಮನೆ. ದನಿ ಮೊದಲು ಸಣ್ಣದಿತ್ತು. ದರ್ಜಿ ಮನೆ, ಗಾಡಿ ಮನೆ, ಮೂಲೆ ಮನೆ. ಹಿಂದೆ ಮೇಷ್ಟ್ರ ಬೆರಳು ಹಾಳೆಯ ಮೇಲೆ ಸರ್ ಸರ್ ಎಂದು ಇಳಿಯುವುದು ಕೇಳುತ್ತಿತ್ತು. ಬಾವಿ ಮನೆಯ ಹತ್ತಿರ ದನಿ ಗಟ್ಟಿಯಾಯಿತು. ಎಲ್ಲೂ ಬೆರಳು ನಿಲ್ಲಲಿಲ್ಲ, ಹಿಂದಕ್ಕೆ ಹೋಗಲಿಲ್ಲ. ಹತ್ತೊಂಬತ್ತು ದಾಟಿತು. ಜೋಡು ಹೊಲಿಯೋರ ಮನೆ, ಸೇತುವೆ ಮನೆ, ದೀಪದ ಮನೆ. ಇಪ್ಪತ್ತೆರಡು. "ನಮ್ಮ ಮನೆ" ಎಂದು ಮುಗಿಸಿ ತಿರುಗಿದ.

ಮೇಷ್ಟ್ರ ಬೆರಳು ಕೊನೆಯ ಸಾಲಿನ ಮೇಲೆ ನಿಂತಿತ್ತು. ಪಾದ್ರಿಗಳು ಬಗ್ಗಿ ಓದಿದರು, ಮೆಲ್ಲಗೆ. "ಸೂಲಗಿತ್ತಿಯ ಮನೆ. ಆಕೆಯದೇ ಕೂಸು, ಗಂಡು. ತಾನೇ ಹೆತ್ತು, ತಾನೇ ನೀರು ಹನಿಸಿದಳು. ನಾನು ದೀಪ ಹಿಡಿದಿದ್ದೆ."

ಯಾರ ಮನೆಯದೆಂದು ತಿಳಿಯದ ಆ ಒಂದು ಕೂಸು. ನಮ್ಮ ಮನೆ ಎಂದರೆ ಎಣಿಕೆ ಮುಗಿಸಿ ಮನೆಗೆ ಬಂದಂತೆ ಎಂದು ಅವನು ತಿಳಿದಿದ್ದ. ಎಲ್ಲ ಮಕ್ಕಳ ಆಟದ ಪದ್ಯಗಳೂ ಹಾಗೆಯೇ ಅಲ್ಲವೇ ಮುಗಿಯುವುದು. ಮುತ್ತಜ್ಜಿ ಅದನ್ನು ಅಳದೆ ಹೇಳುತ್ತಿದ್ದಳಂತೆ, ಸೋದರತ್ತೆ ಹೇಳಿದ್ದಾಳೆ; ಕೊನೆಯ ಮನೆ ಬಂದಾಗ ಮಡಿಸಿದ ಬಟ್ಟೆಯನ್ನು ಒಮ್ಮೆ ತಟ್ಟುತ್ತಿದ್ದಳಂತೆ, ಅಷ್ಟೇ. ಅವನು ಅತ್ತ. ಯಾರ ಎದುರೂ ಅಳದವನು ಮೂರು ಜನರ ಎದುರು ಅತ್ತ, ಮುಚ್ಚಿಕೊಳ್ಳಲೂ ಇಲ್ಲ.

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದರು. ನೂರ ಹನ್ನೆರಡನೆಯ ಪುಟವನ್ನು ಹುಡುಕಿ, ಮೊದಲಿಂದ ಕೊನೆಯವರೆಗೆ ಒಂದೊಂದೇ ಸಾಲನ್ನು ಹೊಡೆದುಹಾಕಿದರು. ಅವಸರ ಮಾಡಲಿಲ್ಲ. "ಅಚ್ಚಿನವರಿಗೆ ಫೋನ್ ಮಾಡಿ, ಇವತ್ತು ಕೊಡಲ್ಲ ಅಂತ" ಎಂದರು. "ಎಂಟು ವರ್ಷ ಕಾದವನಿಗೆ ಇನ್ನೊಂದು ತಿಂಗಳು ಹೆಚ್ಚಲ್ಲ. ಮತ್ತೆ, ನಿಮ್ಮ ಸೋದರತ್ತೆ ಇದ್ದಾರಲ್ಲ, ಅವರಿಗೆ ಮೆಟ್ಟಿಲು ಹತ್ತೋಕೆ ಆಗುತ್ತಾ?"

"ಕಚೇರಿ ಮೆಟ್ಟಿಲು ಹತ್ತಲ್ಲ ಸಾರ್. ಹಟ."

"ಹಾಗಾದ್ರೆ ನಾವು ಇಳಿಯೋಣ."

ಪುಸ್ತಕಗಳು ಆ ಕೋಣೆಯಿಂದ ಹೊರಗೆ ಹೋಗಬಾರದೆಂದು ಬಾಗಿಲ ಹಿಂದೆ ನಿಯಮ ಅಂಟಿಸಿತ್ತು, ಅಂಟಿಸಿದವನು ಇವನೇ. ಮೇಷ್ಟ್ರು ಸಮಾಧಿಯ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಮಂಡಿನೋವನ್ನು ಹಲ್ಲುಕಚ್ಚಿ ನುಂಗುತ್ತ, ಹತ್ತೊಂಬತ್ತು ಮೆಟ್ಟಿಲು ಇಳಿದರು. ಗುಮಾಸ್ತ ಮನೆಗೆ ಹೋಗಿ ಅತ್ತೆಯನ್ನು ಕರೆತಂದಾಗ ಮೂರು ಗಂಟೆ ದಾಟಿತ್ತು. ದಾರಿಯುದ್ದಕ್ಕೂ ಆಕೆ ಏನೆಂದು ಕೇಳಲಿಲ್ಲ. ಚರ್ಚಿನ ಮೆಟ್ಟಿಲ ಮೇಲೆ, ಬಲಗಡೆಯ ಕಂಬದ ಪಕ್ಕ, ಅಜ್ಜಿ ಕೂರುತ್ತಿದ್ದ ಜಾಗದಲ್ಲಿ ಕೋಲನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಮೇಷ್ಟ್ರು ಆಕೆಯ ಎದುರು ನಿಂತರು.

"ಏನು ಮೇಷ್ಟ್ರೇ, ನೋಡಿದ್ರಾ ಸರಿಯಾಗಿ?"

"ನೋಡಿದೆ ಅಮ್ಮ. ಪುಸ್ತಕದಲ್ಲಿದೆ."

ಆ ಮಾತನ್ನು ನಗದೆ ಹೇಳಿದ್ದನ್ನು ಆಕೆ ತನ್ನ ಎಂಬತ್ತಾರು ವರ್ಷದಲ್ಲಿ ಅಜ್ಜಿಯೊಬ್ಬಳ ಬಾಯಲ್ಲಿ ಮಾತ್ರ ಕೇಳಿದ್ದಳು. ಮೇಷ್ಟ್ರ ಮುಖವನ್ನು ಹುಡುಕಿದಳು, ಎಲ್ಲಾದರೂ ತುಟಿಯ ಅಂಚು ಕೊಂಕಿದೆಯೇ ಎಂದು. ಆಮೇಲೆ ಕೈ ಚಾಚಿದಳು. ಪುಸ್ತಕವನ್ನು ಮಡಿಲಲ್ಲಿಟ್ಟು, ಕೊನೆಯ ಸಾಲಿನ ಮೇಲೆ ಆಕೆಯ ಬೆರಳನ್ನು ಇಟ್ಟು, ಗುಮಾಸ್ತ ಅದನ್ನು ಕಿವಿಯ ಹತ್ತಿರ ಓದಿದ. ಆಕೆ ಹಾಳೆಯನ್ನು ಒಮ್ಮೆ ತಟ್ಟಿದಳು, ಮೆಲ್ಲಗೆ, ಬಟ್ಟೆ ತಟ್ಟುವಂತೆ.

"ಅಪ್ಪನಿಗೆ ಒಬ್ಬ ತಮ್ಮ ಇದ್ದ ಹಾಗಾಯ್ತು" ಎಂದಳು. ಎಲ್ಲರ ಮುಖವನ್ನೂ ಒಮ್ಮೆ ನೋಡಿ, "ಅ‍ಷ್ಟು ಹೇಳಿದಳಲ್ಲಪ್ಪ, ತಿರುಗಿಸಿ ನೋಡೋಕೆ ಏನಾಗಿತ್ತು ನಿಮಗೆಲ್ಲ?"

ಪಾದ್ರಿಗಳು, ತಾವು ಆಗ ಹುಟ್ಟಿಯೇ ಇರದಿದ್ದರೂ, ತಲೆ ತಗ್ಗಿಸಿದರು. ಆಕೆ ಕೋಲೂರಿ ಎದ್ದಳು. ಅವನು ಕೈಹಿಡಿಯಲು ಹೋದರೆ ಕೊಡವಿದಳು. ಒಳಗೆ ಹೋದಳು. ಕೊನೆಯ ಬೆಂಚು ಬಂತು, ಅಭ್ಯಾಸಬಲದಿಂದ ಕಾಲು ಒಮ್ಮೆ ನಿಂತಿತು, ಆಮೇಲೆ ಮುಂದೆ ನಡೆಯಿತು. ಖಾಲಿ ಚರ್ಚಿನ ನಡುವೆ ಕೋಲಿನ ಸದ್ದು ಟಕ್ ಟಕ್ ಎಂದು ಹೋಗಿ ಹೋಗಿ ಮೊದಲನೆಯ ಬೆಂಚಿನಲ್ಲಿ ನಿಂತಿತು. ನಟ್ಟನಡುವೆ ಕೂತು, ಸೆರಗು ಸರಿಮಾಡಿಕೊಂಡು, ಅಲ್ಲಿಂದಲೇ ಕೂಗಿದಳು.

"ಜ್ವರದ ಕಾಲದಲ್ಲಿ ಯಾರಿಗೂ ಗಂಟೆ ಹೊಡೀತಿರಲಿಲ್ಲ. ಆಮೇಲೆ ಬಂದ ಪಾದ್ರಿಗಳನ್ನ ಕೇಳಿದ್ರೆ, ನೀರು ಬೀಳದವರಿಗೆ ಗಂಟೆ ಇಲ್ಲ ಅಂದ್ರು. ಈಗ ಹೊಡೀರಿ!"

ಹಗ್ಗವನ್ನು ಪಾದ್ರಿಗಳೇ ಎಳೆದರು. ಗುಮಾಸ್ತ ಗೋಪುರದ ಬುಡದಲ್ಲಿ, ಬೀದಿಗೆ ತೆರೆದ ಬಾಗಿಲಲ್ಲಿ ನಿಂತು ಒಂದೊಂದು ಹೊಡೆತಕ್ಕೂ ಹೇಳಿದ. ಬಡಗಿ ಮನೆ. ಕುಲುಮೆ ಮನೆ. ಹೊತ್ತಲ್ಲದ ಹೊತ್ತಿನ ಗಂಟೆಗೆ ಅಂಗಡಿಗಳಿಂದ ಜನ ಹೊರಬಂದರು. ಯಾರು ಹೋದ್ರು, ಯಾರು ಹೋದ್ರು ಎನ್ನುತ್ತ ಬೀದಿ ದಾಟಿ ಬಂದರು. ಅವನು ಎಣಿಕೆ ಬಿಡಲಿಲ್ಲ. ಸೇತುವೆ ಮನೆ. ದೀಪದ ಮನೆ. ಇಪ್ಪತ್ತಮೂರನೆಯ ಹೊಡೆತ ಬಿತ್ತು, ಕಲ್ಲಿನ ಗೋಡೆಯೆಲ್ಲ ಗುಂಯ್‌ಗುಟ್ಟಿತು, ಇಪ್ಪತ್ತಾರು ವರ್ಷ ಮೆಟ್ಟಿಲ ಮೇಲೆ ಹತ್ತೊಂಬತ್ತಕ್ಕೇ ನಿಂತುಹೋಗುತ್ತಿದ್ದ ಎಣಿಕೆ ಬೀದಿಗೆಲ್ಲ ಕೇಳುವಂತೆ ನಮ್ಮ ಮನೆಯನ್ನು ತಲುಪಿತು.

ಬೇಕರಿಯಾಕೆ ಕೈಗೆ ಅಂಟಿದ್ದ ಹಿಟ್ಟನ್ನು ಒರೆಸಿಕೊಳ್ಳುತ್ತ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಆ ಬೇಕರಿ ಅವಳ ಗಂಡನ ಮುತ್ತಜ್ಜನ ಕಾಲದಿಂದ ಅಲ್ಲಿಯೇ ಇತ್ತು.

"ಯಾರು ತೀರ್ಕೊಂಡ್ರು ಅಣ್ಣ?"

"ಯಾರೂ ಇಲ್ಲಮ್ಮ. ನಿಮ್ಮ ಮನೇಲಿ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ರು, ಜ್ವರದ ವರ್ಷ. ಇಬ್ಬರಿಗೂ ಜ್ಞಾನಸ್ನಾನ ಆಗಿತ್ತು. ನನ್ನ ಮುತ್ತಜ್ಜಿ ಮಾಡಿದ್ದು."

ಅವಳು ಅವನನ್ನೇ ನೋಡಿದಳು. ಹಿಂದೆ ನಿಂತವರೂ ನೋಡಿದರು. ಈ ಸಲ ಬೇರೆ ಕಡೆ ನೋಡಲಿಲ್ಲ. "ನಿಜವಾಗ್ಲೂ?" ಎಂದಳು.

ಆ ಮಾತನ್ನು ಅವನು ಜೀವಮಾನದಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಈಗ ಬೀದಿಯ ಆ ತುದಿಗೂ ಕೇಳುವಂತೆ ಹೇಳಿದ.

"ಪುಸ್ತಕದಲ್ಲಿದೆ."